ಕಾಕಾನ ‘ನಿಸರ್ಗ’

ನಮ್ಮ ಮನೆಯಲ್ಲಿ ಮಿರ್ಜಿ ಅಣ್ಣಾರಾಯರು ಎರಡು ಕಡೆ ಇದ್ದರು. ದೇವರ ಮಾಡದ ಪಕ್ಕದ ಹಲಗೆಯ ಮೇಲೆ, ಕೆಂಪು ಅರಿವೆಯಲ್ಲಿ ಸುತ್ತಿಟ್ಟ ‘ಜೈನ ಧರ್ಮ’, ಅದು ಆಯಿಯದು. ಪಡಸಾಲೆಯ ಮೂಲೆಯ ತಗಡಿನ ಟ್ರಂಕಿನಲ್ಲಿ, ಕಬ್ಬಿನ ಕಾಂಟಾದ ಹಳೆಯ ಪಾವತಿಗಳ ನಡುವೆ ‘ನಿಸರ್ಗ’, ಅದು ಕಾಕಾನದು. ಎರಡನ್ನೂ ಬರೆದವರು ಒಬ್ಬರೇ ಎಂಬುದು ಆಯಿಗೆ ಬಹಳ ದಿನ ಗೊತ್ತಿರಲಿಲ್ಲ. ಗೊತ್ತಾದ ದಿನ ಆಕೆ ಅಂದದ್ದು ಇಷ್ಟೇ: “ಧರ್ಮಾ ಬರದಾಂವ ಕಾದಂಬರಿ ಯಾಕ ಬರದಾನು? ಅಂವಾ ಬ್ಯಾರೆ ಅಣ್ಣಾರಾಯ ಇರಬೇಕು.”

ನಮ್ಮ ಊರು ಕೃಷ್ಣೆಯ ದಂಡೆಯ ಮೇಲಿದೆ. ಆಗ ಅಥಣಿ ತಾಲ್ಲೂಕು, ಈಗ ಕಾಗವಾಡ. ಮಿರಜದಿಂದ ಬೆಳಗಾವಿಯ ಕಡೆ ಹೊರಟ ಗಾಡಿ ವಿಜಯನಗರ, ಶೇಡಬಾಳ, ಉಗಾರ, ಕುಡಚಿ ಎಂದು ನಿಂತು ನಿಂತು ಬರುತ್ತಿತ್ತು. ಮೀಟರ್ ಗೇಜಿನ ಉಗಿಬಂಡಿ. ಮಿರಜದಲ್ಲಿ ಮರಾಠಿ ಮಾತಾಡುತ್ತ ಹತ್ತಿದವರು ಶೇಡಬಾಳ ಬರುವಷ್ಟರಲ್ಲಿ ಕನ್ನಡಕ್ಕೆ ಹೊರಳಿರುತ್ತಿದ್ದರು. ಯಾವ ಕಂಬದ ಹತ್ತಿರ ಹೊರಳಿದೆವು ಎಂದು ಕೇಳಿದರೆ ಅವರಿಗೇ ಗೊತ್ತಿರುತ್ತಿರಲಿಲ್ಲ.

ಅಣ್ಣಾರಾಯರು ಆ ಶೇಡಬಾಳದವರು. 1918ರಲ್ಲಿ ಅಲ್ಲಿ ಹುಟ್ಟಿ, ಮಾಸ್ತರಿಕೆ ಮಾಡುತ್ತಲೇ ಬರೆದವರು. ನಮ್ಮ ಸೀಮೆಗೆ ಮುನಿಗಳ ಬರ ಯಾವತ್ತೂ ಇಲ್ಲ: ಭೋಜದಿಂದ ಶಾಂತಿಸಾಗರರು, ಶೇಡಬಾಳದಿಂದಲೇ ವಿದ್ಯಾನಂದರು, ಸದಲಗಾದಿಂದ ವಿದ್ಯಾಸಾಗರರು. ಪಂಡಿತರು ಬೇಕೆಂದರೆ ಅದೇ ಸದಲಗಾದ ಆ.ನೇ. ಉಪಾಧ್ಯೆಯವರಿದ್ದಾರೆ, ಪ್ರಾಕೃತದ ಮಾತು ಬಂದರೆ ದೇಶದ ಹೊರಗಿನವರೂ ಅವರ ಹೆಸರು ಹಿಡಿಯುತ್ತಾರೆ. ಆದರೆ ನಮ್ಮ ಹಿತ್ತಿಲು, ನಮ್ಮ ಕೊಟ್ಟಿಗೆ, ನಮ್ಮ ಹೆಣ್ಣುಮಕ್ಕಳ ಪಿಸುಮಾತು ಇವನ್ನೆಲ್ಲ ಕಾಗದಕ್ಕೆ ಇಳಿಸುವವನು ಮುನಿಯೂ ಆಗಿರಬಾರದು, ಪಂಡಿತನೂ ಆಗಿರಬಾರದು. ಅದಕ್ಕೆ ಒಬ್ಬ ಮಾಸ್ತರ ಬೇಕಾಯಿತು.

ಕನ್ನಡ ಓದುಗರಿಗೆ ಜೈನ ಎಂದರೆ ಪಂಪ, ರನ್ನ. ಇಲ್ಲದಿದ್ದರೆ ಪೇಟೆಯ ಬಂಗಾರದ ಅಂಗಡಿ. ನಮ್ಮ ಕಡೆಯ ಜೈನರು ರಂಟೆ ಕುಂಟೆ ಹಿಡಿಯುವ ಒಕ್ಕಲಿಗರು. ಬಸದಿಗೆ ಹೋಗಿ ಬಂದವರೇ ಧೋತರ ಎತ್ತಿಕಟ್ಟಿ ದನದ ಹಕ್ಕಿಗೆ ಇಳಿಯುವವರು. ಹೊತ್ತು ಮುಳುಗುವ ಮೊದಲು ಉಣ್ಣಬೇಕಲ್ಲ ಎಂದು ಹೊಲದಿಂದ ಓಡುತ್ತ ಬರುವವರು. ಗಂಗಾಳದ ಮುಂದೆ ಕೂತಾಗ ಹೊರಗೆ ಇನ್ನೂ ಬೆಳಕಿದೆಯೋ ಇಲ್ಲವೋ ಎಂಬ ಜಗಳ ಬಾರದ ಮನೆಯೇ ಇರಲಿಲ್ಲ. ಈ ಜನ ತಮ್ಮ ಮಾತಿನ ಸಮೇತ ಕನ್ನಡ ಕಾದಂಬರಿಯೊಳಗೆ ಬಂದದ್ದು ‘ನಿಸರ್ಗ’ದಲ್ಲಿ.

ಎರಡನೆಯ ಮಹಾಯುದ್ಧ ಮುಗಿಯುವ ಸುಮಾರಿನ ಕಾಲ ಅದು. ಸೀಮೆಎಣ್ಣೆ ರೇಶನ್ನಿನಲ್ಲಿ, ಸಕ್ಕರೆ ರೇಶನ್ನಿನಲ್ಲಿ, ಅಚ್ಚಿನ ಕಾಗದವಂತೂ ಕಣ್ಣಿಗೆ ಕಾಣದಂಥ ದಿನಗಳು. ಉತ್ತರದ ಕಡೆ ಕನ್ನಡ ಪುಸ್ತಕದ ಊರೆಂದರೆ ಮೊದಲು ಧಾರವಾಡ. 1933ರಲ್ಲಿ ಶುರುವಾಗಿದ್ದ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಪುಸ್ತಕ ಕಳಿಸುತ್ತಿತ್ತು. ಅದಕ್ಕೂ ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದ್ದರು. ಆದರೆ ಗಳಗನಾಥರ ಕಾದಂಬರಿಗಳಲ್ಲಿ ರಾಜರಿದ್ದರು, ಪೇಶವೆಗಳಿದ್ದರು. ಕಾಕಾನಿಗೆ ಅವೂ ಪ್ರೀತಿಯೇ. “ಆದರ ಅವರ‍್ಯಾರೂ ಹೆಂಡಿ ತುಳದಾವರಲ್ಲ” ಅನ್ನುತ್ತಿದ್ದ.

‘ನಿಸರ್ಗ’ ನಮ್ಮ ಮನೆಗೆ ಅಂಗಡಿಯಿಂದ ಬರಲಿಲ್ಲ, ಬೀಗರಿಂದ ಬಂತು. ಶೇಡಬಾಳದ ನಮ್ಮ ಬೀಗರು ಯಾವುದೋ ಹಬ್ಬದ ಬುತ್ತಿಯ ಜೊತೆ ಒಂದು ಪ್ರತಿ ಕಳಿಸಿದ್ದರಂತೆ: “ನಮ್ಮ ಊರಿನ ಮಾಸ್ತರು ಬರದಾರ, ನಿಮ್ಮ ಹುಡುಗಗ ಓದೂ ಹುಚ್ಚ ಐತೆಲ್ಲ, ಕೊಡ್ರಿ.” ಹುಡುಗ ಎಂದರೆ ನಮ್ಮ ಕಾಕಾ. ಆಗ ಅವನಿಗೆ ಹದಿನೆಂಟು. ಮುಲ್ಕಿ ಪರೀಕ್ಷೆ ಮುಗಿಸಿದ್ದ. ಮುಂದೆ ಕಬ್ಬಿನ ಕಾಂಟಾದಲ್ಲಿ ಕಾರಕೂನನಾಗಿ ಜೀವನವಿಡೀ ಬಂಡಿ ತೂಗಿಸಿದ. ಕಿವಿಯ ಮೇಲೆ ಸದಾ ಒಂದು ಕಾಪಿಂಗ್ ಪೆನ್ಸಿಲ್ ಇರುತ್ತಿತ್ತು. ಒಣಗಿದ್ದಾಗ ಬೂದುಬಣ್ಣ, ನಾಲಿಗೆಗೆ ತಾಗಿಸಿ ಬರೆದರೆ ನೇರಳೆ. ಕಾಕಾನ ಕೆಳತುಟಿಯ ನಡುವೆ ಒಂದು ನೇರಳೆ ಚುಕ್ಕೆ ಖಾಯಂ ಕೂತುಬಿಟ್ಟಿತ್ತು.

ಆ ಪೆನ್ಸಿಲಿನಲ್ಲೇ ಅವನು ‘ನಿಸರ್ಗ’ದ ಅಂಚುಗಳ ತುಂಬ ಬರೆದಿದ್ದಾನೆ.

ಅದರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಓದಿಸಿದ ರೀತಿ ಹೇಳಬೇಕು, ಯಾಕೆಂದರೆ ನಾನು ಆ ಕಾದಂಬರಿಯನ್ನು ಓದುವ ಮೊದಲೇ ಕೇಳಿದ್ದೆ. 1960ರ ದಶಕದ ಕೊನೆ. ಚಾತುರ್ಮಾಸದ ಸಂಜೆಗಳು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯುವುದರಿಂದ ನಮ್ಮ ಮನೆಗಳಲ್ಲಿ ರಾತ್ರಿ ಬಲು ಉದ್ದ. ಆಗ ಪಡಸಾಲೆಯಲ್ಲಿ ಪುರಾಣ ಓದುವ ರೂಢಿ. ಕಾಕಾ ಓದುವವನು, ಆಯಿ ಕೇಳುವವಳು, ಓಣಿಯ ನಾಲ್ಕಾರು ಹೆಣ್ಣುಮಕ್ಕಳು ಬತ್ತಿ ಹೊಸೆಯುತ್ತ, ಹೆಸರುಕಾಳು ಆರಿಸುತ್ತ ಕೂತಿರುವವರು. ಪುರಾಣದ ಅಧ್ಯಾಯ ಮುಗಿದ ಮೇಲೆ ಆಯಿ ಒಳಗೆ ಹೋದಳೆಂದರೆ ಕಾಕಾ ಟ್ರಂಕು ತೆರೆಯುತ್ತಿದ್ದ. ತಗಡಿನ ಕೀಲು ಕಿರ್ರ್ ಅಂದೊಡನೆ ಹೆಣ್ಣುಮಕ್ಕಳು ಮುಂದಕ್ಕೆ ಸರಿದು ಕೂಡುತ್ತಿದ್ದರು.

ಆದರೆ ಮಳೆಗಾಲದಲ್ಲಿ ಕಂದೀಲಿಗೆ ಹುಳ ಮುಕುರುತ್ತವೆ. ಒಂದೊಂದು ಹುಳ ಗಾಜಿಗೆ ಬಡಿದು ಬಿದ್ದಾಗಲೂ ಒಳಗಿನಿಂದ ಆಯಿಯ ದನಿ: “ಜೀವಾ ಸಾಯಾಕತ್ತಾವ, ದೀಪಾ ಆರಿಸ್ರಿ.” ಹೀಗಾಗಿ ಕಾದಂಬರಿ ಒಂದು ಸಲಕ್ಕೆ ನಾಲ್ಕು ಪುಟ, ಬಹಳವಾದರೆ ಆರು ಪುಟ. ಮಳೆ ಜೋರಾಗಿ ಹುಳ ಕಡಿಮೆಯಾದ ದಿನ ಹತ್ತು. ಒಂದು ಇಡೀ ಚಾತುರ್ಮಾಸ ಅದನ್ನೇ ಕೇಳಿದೆವು. ಬೆಳಗಾದರೆ ಬಾವಿಕಟ್ಟೆಯಲ್ಲಿ ಮುಂದೇನಾಗಬಹುದು ಎಂಬ ಪಂಚಾಯಿತಿ. ಕಥೆಯ ಹೆಣ್ಣುಮಗಳಿಗೆ ಏನಾಗಬೇಕು ಎಂಬುದರ ಮೇಲೆ ನಮ್ಮ ಅವ್ವ ಮತ್ತು ಬಾಜೂಮನೆಯ ಅತ್ತೆ ಎರಡು ದಿನ ಮಾತು ಬಿಟ್ಟದ್ದು ನನಗೆ ನೆನಪಿದೆ. ಕಥೆಯೇನು ಎಂದು ಇಲ್ಲಿ ಬಿಚ್ಚಿಡುವುದಿಲ್ಲ. ಓದದವರು ಓದಿಯೇ ತಿಳಿಯಲಿ.

ಹೆಣ್ಣುಮಕ್ಕಳನ್ನು ಹಿಡಿದು ಕೂರಿಸಿದ್ದು ಕಥೆಗಿಂತ ಮಾತು. ಪುಸ್ತಕ ಎಂದರೆ ‘ಹೋಗುತ್ತಿದ್ದಾನೆ’, ‘ಬಂದಿರುವಳು’ ಎಂದಿರಬೇಕೆಂಬುದು ನಮ್ಮೆಲ್ಲರ ತಿಳಿವಳಿಕೆ. ಶಾಲೆಯ ಪುಸ್ತಕ ಹಾಗಿತ್ತು, ಪುರಾಣ ಇನ್ನೂ ಬೇರೆಯೇ ಇತ್ತು. ಇಲ್ಲಿ ಪಾತ್ರಗಳು ಬಾಯಿ ಬಿಟ್ಟರೆ ನಮ್ಮ ಓಣಿ. ಮೊದಲ ದಿನ ಅವರೆಲ್ಲ ನಕ್ಕರಂತೆ, ತಮಾಷೆಯ ಪುಸ್ತಕವೆಂದು. ಮರುದಿನ ನಗು ನಿಂತಿತು. ಮೂರನೆಯ ದಿನ ಒಬ್ಬಾಕೆ ಕಾಕಾನಿಗೆ ಕೇಳಿದಳು: “ಖರೇ ಹೇಳೋ ಯಪ್ಪಾ, ಪುಸ್ತಕದಾಗ ಹಿಂಗ ಐತೋ, ನೀ ನಮಗ ತಿಳೀಲಿ ಅಂತ ತಿರಿವಿ ಓದಾಕತ್ತಿಯೋ?” ಕಾಕಾ ಪುಸ್ತಕವನ್ನು ಕಂದೀಲಿನ ಹತ್ತಿರ ಹಿಡಿದು ತೋರಿಸಿದ. ಆಕೆಗೆ ಓದಲು ಬರುತ್ತಿರಲಿಲ್ಲ. ಆದರೂ ಬಗ್ಗಿ ನೋಡಿದಳು, ಸಾಲಿನ ಮೇಲೆ ಬೆರಳಾಡಿಸಿದಳು, “ಹೌದ ಬಿಡ” ಅಂದಳು.

ಇನ್ನು ಅಂಚಿನ ಬರಹ. ಕಾಕಾ ಮೊದಲ ಓದಿನಲ್ಲಿ, ಅಂದರೆ ಹದಿನೆಂಟರ ಹರೆಯದಲ್ಲಿ, ಪಾತ್ರಗಳ ಪಕ್ಕದಲ್ಲೆಲ್ಲ ನಮ್ಮೂರ ಜನರ ಹೆಸರು ಬರೆದಿದ್ದಾನೆ. ಇಂವ ಗಡ್ಡೆಯ ತೋಟದ ಮುದುಕ. ಇಕಿ ಥೇಟ ದೊಡ್ಡವ್ವ. ಒಂದು ಕಡೆ ಒಂದೇ ಪದ: ‘ನಾನು’. ಕಾದಂಬರಿ ಬರೆದವರು ನಮ್ಮೂರನ್ನು ಕಂಡಿದ್ದರೋ ಇಲ್ಲವೋ, ಕಾಕಾನ ಪಾಲಿಗೆ ಅದು ನಮ್ಮೂರೇ. ಎರಡನೆಯ ಓದು ಯಾವಾಗಲೋ ಆದದ್ದು. ಆಗ ಹೆಸರು ಬರೆಯುವ ಹುಡುಗಾಟ ನಿಂತು ಟೀಕೆ ಶುರುವಾಗಿದೆ. ಒಂದು ವರ್ಣನೆಯ ಪಕ್ಕ ‘ಉದ್ದ ಆತು’. ಒಂದು ಸಂಭಾಷಣೆಯ ಪಕ್ಕ ‘ಭೇಷ್’. ಎಷ್ಟೋ ಕಡೆ ಬರೀ ‘ಹೂಂ’. ಈ ‘ಹೂಂ’ ಒಪ್ಪಿಗೆಯೋ ಬೇಸರವೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಒಂದು ಪುಟದಲ್ಲಿ ಮಾತ್ರ ನನ್ನ ಕೈ ಈಗಲೂ ನಿಲ್ಲುತ್ತದೆ. ಅಂಚಿನಲ್ಲಿ ದೊಡ್ಡದಾಗಿ ‘ಸುಳ್ಳು’ ಎಂದು ಬರೆದಿದೆ. ಅದರ ಮೇಲೆ ಒಂದು ಅಡ್ಡಗೆರೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಖರೆ ಐತಿ’, ಮತ್ತು ಇಸವಿ: 1958. ಆ ವರ್ಷ ನಮ್ಮ ಅತ್ತೆ ತವರಿಗೆ ಮರಳಿ ಬಂದಳು. ಆಮೇಲೆ ಅವಳು ಹೋಗಲಿಲ್ಲ. ಕಾಕಾ ಆ ಪುಟವನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದ್ದು ನಾನು ಕೇಳಿಲ್ಲ. ಹಾರಿಸಿರಬೇಕು, ಹೆಸರುಕಾಳು ಆರಿಸುವವರಲ್ಲಿ ಅತ್ತೆಯೂ ಕೂತಿರುತ್ತಿದ್ದಳು.

ನಾನು 1973ರಲ್ಲಿ ಚಿಕ್ಕೋಡಿಯ ಕಾಲೇಜಿಗೆ ಹೋದೆ. ವಸತಿಗೆ ಒಂದು ಹೆಂಚಿನ ಮನೆ, ಒಂದು ಕೋಣೆಯಲ್ಲಿ ಐವರು: ಚಿಕ್ಕೋಡಿಯ ಹಳ್ಳಿಯವನೊಬ್ಬ, ನಿಪ್ಪಾಣಿಯವನೊಬ್ಬ, ರಾಯಬಾಗದ ಕಡೆಯವನೊಬ್ಬ, ಅಥಣಿಯವನೊಬ್ಬ, ನಾನು. ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. “ಏ ರಾಯಬಾಗ, ಚಹಾ ಇಡೋ” ಎನ್ನುವುದು, “ನಿಪ್ಪಾಣಿ ಮಲಗೇತಿ, ಎಬ್ಬಸಬ್ಯಾಡ್ರಿ” ಎನ್ನುವುದು. ಈಗಲೂ ಫೋನಿನಲ್ಲಿ ಹಾಗೆಯೇ.

ಕನ್ನಡದ ತರಗತಿಯಲ್ಲಿ ಒಂದು ದಿನ ಕಾದಂಬರಿಯ ಇತಿಹಾಸ ಬಂತು. ಅಧ್ಯಾಪಕರು ಒಳ್ಳೆಯವರು, ಧಾರವಾಡದಲ್ಲಿ ಕಲಿತವರು. ಪ್ರಾದೇಶಿಕ ಕಾದಂಬರಿ ಎಂದು ಹಲಗೆಯ ಮೇಲೆ ಬರೆದು ಕೆಳಗೆ ಹೆಸರುಗಳನ್ನು ಇಳಿಸಿದರು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’, 1936, ಮಲೆನಾಡು. ಕಾರಂತರ ‘ಚೋಮನ ದುಡಿ’, 1933, ಕರಾವಳಿ. ರಾವಬಹಾದ್ದೂರರ ‘ಗ್ರಾಮಾಯಣ’, 1957, ಉತ್ತರ ಕರ್ನಾಟಕ. ಆಮೇಲೆ ಹಲಗೆಯ ತಳದಲ್ಲಿ ಉಳಿದ ಜಾಗದಲ್ಲಿ ‘ನಿಸರ್ಗ, ಮಿರ್ಜಿ ಅಣ್ಣಾರಾಯ’. ಜೈನ ಸಮಾಜದ ಚಿತ್ರಣ, ಗಡಿಭಾಗದ ಆಡುಮಾತು, ಎಂದು ಎರಡು ಮಾತು ಹೇಳಿ ಗಂಟೆ ಹೊಡೆಯಿತು.

ನನಗೆ ಮೈ ಉರಿಯಿತು. ಒಂದು ಚಾತುರ್ಮಾಸ ಹಿಡಿದ ಪುಸ್ತಕಕ್ಕೆ ಎರಡು ಮಾತೇ!

ಈಗ ಯೋಚಿಸಿದರೆ ಅಧ್ಯಾಪಕರ ತಪ್ಪು ಬಹಳವಿಲ್ಲ. ಸಾಹಿತ್ಯ ಚರಿತ್ರೆಗಳು ‘ನಿಸರ್ಗ’ವನ್ನು ಗೌರವದಿಂದಲೇ ಹೆಸರಿಸಿವೆ. ಕನ್ನಡದ ಪ್ರಾದೇಶಿಕ ಕಾದಂಬರಿಗಳ ಮಾತು ಬಂದಾಗ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ‘ಗ್ರಾಮಾಯಣ’ಕ್ಕಿಂತ ಒಂದು ದಶಕಕ್ಕೂ ಹೆಚ್ಚು ಮುಂಚಿನದು ಎಂಬುದನ್ನು ಬಲ್ಲವರು ಬಲ್ಲರು. ಆದರೆ ಹೆಸರಿಸುವುದು ಬೇರೆ, ಹಿಡಿದು ಕೂತು ಓದುವುದು ಬೇರೆ. ನಾವು ಕಾಲೇಜಿಗೆ ಬರುವ ಹೊತ್ತಿಗೆ ನವ್ಯದ ಗಾಳಿ. 1965ರ ‘ಸಂಸ್ಕಾರ’ವನ್ನು ಬಗಲಲ್ಲಿಟ್ಟುಕೊಂಡು ತಿರುಗುವುದು ಜಾಣತನದ ಗುರುತು. ಹಳ್ಳಿಯ ಕಥೆಯನ್ನು ನೇರವಾಗಿ ಹೇಳಿದವರಿಗೆ ಒಂದು ನಮಸ್ಕಾರ ಹಾಕಿ ವಿಮರ್ಶಕರು ಮುಂದೆ ಸಾಗುತ್ತಿದ್ದರು.

ಆ ‘ಪ್ರಾದೇಶಿಕ’ ಎಂಬ ಪದದ ಮೇಲೆ ನನ್ನ ತಕರಾರು ಇಂದಿಗೂ ಇದೆ. ಬೆಂಗಳೂರಿನವರಿಗೆ ಧಾರವಾಡ ಪ್ರದೇಶ. ಧಾರವಾಡದವರಿಗೆ ನಾವು ಪ್ರದೇಶ. ನಮಗೆ ನಮ್ಮ ಮನೆ ಮಾತ್ರ ಕಾಣುತ್ತದೆ, ಪ್ರದೇಶ ಕಾಣುವುದಿಲ್ಲ. ಮೈಸೂರಿನ ಓಣಿಯ ಮಾತಿನಲ್ಲಿ ಬರೆದದ್ದನ್ನು ಯಾರೂ ಪ್ರಾದೇಶಿಕ ಎಂದದ್ದು ನಾನು ಕೇಳಿಲ್ಲ. ಆದರೂ ಒಂದು ಉಪಕಾರವಾಯಿತೆನ್ನಿ: ಆ ಪಟ್ಟಿ ಇದ್ದುದರಿಂದಲೇ ‘ನಿಸರ್ಗ’ದ ಹೆಸರು ಪರೀಕ್ಷೆಯ ಪ್ರಶ್ನೆಗಳಲ್ಲಾದರೂ ಉಳಿಯಿತು. ಅಣ್ಣಾರಾಯರ ‘ರಾಮಣ್ಣ ಮಾಸ್ತರು’, ‘ಅಶೋಕಚಕ್ರ’, ‘ಎರಡು ಹೆಜ್ಜೆ’ ಇವುಗಳಿಗೆ ಆ ಭಾಗ್ಯವೂ ಇಲ್ಲ. ಬೇಂದ್ರೆಯವರ ಕಾವ್ಯದ ಮೇಲೆ ‘ದತ್ತವಾಣಿ’ ಬರೆದವರೂ ಇವರೇ ಎಂದರೆ ಇವತ್ತಿನ ಅಧ್ಯಾಪಕರಲ್ಲಿ ಎಷ್ಟು ಜನ ಹೌದೆನ್ನುತ್ತಾರೋ.

ಆ ದಿನ ಸಂಜೆ ಕೋಣೆಗೆ ಬಂದು ಜಗಳ ತೆಗೆದೆ. ಪುಸ್ತಕವನ್ನೇ ತಂದು ತೋರಿಸು, ಎಂದರು ನಾಲ್ವರೂ. ಮುಂದಿನ ಸಲ ಊರಿಗೆ ಹೋದಾಗ ಕಾಕಾನನ್ನು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಟ್ರಂಕು ತೆರೆದು, ಸಡಿಲಾಗಿದ್ದ ಹಾಳೆಗಳನ್ನು ಗೋಣಿಚೀಲ ಹೊಲಿಯುವ ದಬ್ಬಣದಿಂದ ಹೊಲಿದು, ಹಳೆಯ ‘ಸಂಯುಕ್ತ ಕರ್ನಾಟಕ’ದ ಹಾಳೆಯ ಹೊದಿಕೆ ಹಾಕಿ, ಕೊನೆಯ ಖಾಲಿ ಪುಟದಲ್ಲಿ ಕಾಂಟಾದ ವಹಿಯ ಹಾಗೆ ಮೂರು ಮನೆ ಗೆರೆ ಎಳೆದ. ಒಯ್ದವರ ಊರು. ಒಯ್ದ ದಿನ. ತಂದ ದಿನ. “ಬಂಡಿ ತೂಕಾ ಮಾಡಿದಂಗ ಬರದ ಇಡ್ರಿ” ಅಂದ. ಅಂಚಿನಲ್ಲಿ ತಾನು ಬರೆದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮೊದಲು ಒಯ್ದವನು ರಾಯಬಾಗ. ಅವನ ಊರು ಚಿಂಚಲಿಯ ಹತ್ತಿರ. ದೀಪಾವಳಿ ಸೂಟಿಗೆ ಒಯ್ದವನು ಭಾರತ ಹುಣ್ಣಿಮೆ ಕಳೆದ ಮೇಲೆ ತಂದ. ಪುಸ್ತಕ ಬಿಡಿಸಿದರೆ ಮೂಗಿಗೆ ಘಮ್ಮೆಂದಿತು. ನಡುವಿನ ಹತ್ತು ಹನ್ನೆರಡು ಪುಟ ಪೂರ್ತಿ ಅರಿಸಿನ. ಮಾಯಕ್ಕನ ಜಾತ್ರೆಗೆ ಬೀಗರು ಬಂದಿದ್ದಾಗ ಪಡಸಾಲೆಯಲ್ಲಿ ಓದಿ ಹೇಳುತ್ತಿದ್ದನಂತೆ, ಹೊರಗಿನಿಂದ ಬಂದ ಯಾರೋ ಭಂಡಾರ ತೂರಿದರಂತೆ. “ದೇವೀ ಪ್ರಸಾದ ಆತು ಬಿಡೋ” ಅಂದ. ಒದರಿದರೂ ಹೋಗಲಿಲ್ಲ. ಐವತ್ತು ವರ್ಷದ ಮೇಲೆ ಈಗಲೂ ಆ ಪುಟ ತಿರುವಿದರೆ ಹೆಬ್ಬೆರಳು ಹಳದಿಯಾಗುತ್ತದೆ. ಅವನ ಮನೆಯವರು ಜೈನರಲ್ಲ, ಕುರುಬರು. ಅವನ ಅವ್ವನ ಅಭಿಪ್ರಾಯ ಅವನೇ ಹೇಳಿದ್ದು: “ಬಸದಿ ಬದಲಿ ಬೀರಪ್ಪನ ಗುಡಿ ಇಟ್ಟರ ಮುಗೀತು, ನಮ್ಮ ಮನೀ ಕಥೀನೇ.”

ಅಥಣಿಯ ತೀರ್ಪು ಬೇರೆ. ಅವನು ಕಟ್ಟೀಮನಿಯವರ ಕಟ್ಟಾ ಅಭಿಮಾನಿ. ‘ಜ್ವಾಲಾಮುಖಿಯ ಮೇಲೆ’ ಅವನಿಗೆ ಬಾಯಿಪಾಠ. ಎಡಗಡೆ ಮಗ್ಗುಲಾಗಿ ಮಲಗಿ ಎರಡು ರಾತ್ರಿಯಲ್ಲಿ ‘ನಿಸರ್ಗ’ ಮುಗಿಸಿ ಎದ್ದು ಕೂತ. “ಪುಸ್ತಕಾ ಛಲೋ ಐತಿ. ಸಿಟ್ಟ ಕಮ್ಮಿ ಐತಿ” ಅಂದ. ಅವನ ಅಪ್ಪ ಚಪ್ಪಲಿ ಹೊಲಿಯುವವರು; ಅಥಣಿಯ ಚಪ್ಪಲಿ ಕೊಲ್ಲಾಪುರಿ ಎಂಬ ಹೆಸರಿನಲ್ಲಿ ಮುಂಬಯಿಗೆ ಹೋಗುತ್ತಿದ್ದ ಕಾಲ. “ಬಸದಿ ಓಣಿ ಕಥಿ ಆತು. ಚಪ್ಪಲಿ ಹೊಲಿಯೋ ನಮ್ಮ ಓಣಿ ಕಥಿ ಬರ‍್ಯಾವರು ಯಾರು?” ನಾವು ಯಾರೂ ಉತ್ತರ ಕೊಡಲಿಲ್ಲ. ಅಷ್ಟರಲ್ಲಾಗಲೇ ದೇವನೂರ ಮಹಾದೇವರ ‘ದ್ಯಾವನೂರು’ ಬಂದಿತ್ತು. ನಮ್ಮ ಕೈಗೆ ಸಿಕ್ಕಾಗ ಇನ್ನೂ ಎರಡು ವರ್ಷ ಕಳೆದಿತ್ತು, ಮತ್ತು ಅದನ್ನು ಹುಡುಕಿ ತಂದವನು ಅಥಣಿಯೇ. ಕಾಕಾನ ಪ್ರತಿಯ ಮೇಲೆ ಅವನು ಬರೆದದ್ದು ಒಂದೇ ಕಡೆ. ಕಾಕಾನ ಒಂದು ‘ಹೂಂ’ದ ಕೆಳಗೆ ಸೀಸಪೆನ್ಸಿಲಿನ ಒಂದು ಪ್ರಶ್ನಾರ್ಥಕ ಚಿಹ್ನೆ. ಹಿರಿಯರ ಪುಸ್ತಕ ಎಂದು ಅಷ್ಟಕ್ಕೇ ಬಿಟ್ಟೆ ಅನ್ನುತ್ತಾನೆ.

ಚಿಕ್ಕೋಡಿಯವನದು ಹೇಳುವಂಥದ್ದೇನಿಲ್ಲ. ಪರೀಕ್ಷೆಗೆ ಬೇಕಾದಷ್ಟು ಓದಿದ, ಪಾಸಾದ. ವಕೀಲನಾದ.

ನಿಪ್ಪಾಣಿಯವನ ಸಂಗತಿ ಉದ್ದವಿದೆ. ಅವನ ಮನೆಮಾತು ಮರಾಠಿ. ಅಪ್ಪ ತಂಬಾಕಿನ ವಖಾರಿಯಲ್ಲಿ ಹಮಾಲಿ, ಅವ್ವ ಬೀಡಿ ಕಟ್ಟುವಾಕೆ. ಕನ್ನಡವನ್ನು ಅವನು ಅಕ್ಷರ ಕೂಡಿಸಿ ಓದುತ್ತಿದ್ದ. ಶಾಲೆಯ ಕನ್ನಡದಲ್ಲಿ ಎಡವುತ್ತಿದ್ದವನು ‘ನಿಸರ್ಗ’ದ ಸಂಭಾಷಣೆ ಬಂದರೆ ಸರಸರ ಓದುತ್ತಿದ್ದುದನ್ನು ಕಂಡು ನಾವು ಬೆರಗಾದೆವು. ನಮ್ಮ ಮಾತಿನಲ್ಲಿ ಅರ್ಧ ಅವನ ಮಾತೇ ಇತ್ತಲ್ಲ. “ಹೇ ಆಮಚಂಚ ಆಹೆ” ಅಂದ, ಇದು ನಮ್ಮದೇ, ಎಂದು. ಆಮೇಲೆ ಅವನು ನಮಗೆ ಮಹಾದೇವ ಮೋರೆಯವರನ್ನು ಪರಿಚಯಿಸಿದ. ನಿಪ್ಪಾಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತ ಮರಾಠಿಯಲ್ಲಿ ಕಥೆ ಕಾದಂಬರಿ ಬರೆದವರು ಅವರು. ಗ್ಯಾರೇಜಿನವರು, ಹಮಾಲರು, ತಂಬಾಕಿನ ಹೆಣ್ಣುಮಕ್ಕಳು ಅವರ ಜನ. ಪಕ್ಕದ ಕಾಗಲದ ಆನಂದ ಯಾದವರು ಹಳ್ಳಿಯ ಆಡುಮಾತಿನಲ್ಲೇ ‘ಗೋತಾವಳಾ’ ಬರೆದು ಹೆಸರಾಗಿದ್ದರು. ಅವರನ್ನೆಲ್ಲ ಪುಣೆಯ ವಿಮರ್ಶಕರು ‘ಗ್ರಾಮೀಣ’ ಎಂಬ ಕಪಾಟಿನಲ್ಲಿ ಇಟ್ಟಿದ್ದಾರೆಂದು ಅವನು ಹೇಳಿದಾಗ ನಮಗೆ ನಗು ತಡೆಯಲಾಗಲಿಲ್ಲ. ಗಡಿಯ ಆಚೆಗೂ ಅದೇ ಕಪಾಟು, ಬೀಗ ಮಾತ್ರ ಬೇರೆ.

ಗಡಿಯ ಮಾತು ಬಂದರೆ ಆ ಕೋಣೆಯಲ್ಲಿ ಜಗಳವಾಗಲಿಲ್ಲವೆಂದರೆ ಸುಳ್ಳಾದೀತು. ಮಹಾಜನ ವರದಿ 1967ರಲ್ಲಿ ಬಂದದ್ದು, ಅದರಲ್ಲಿ ನಿಪ್ಪಾಣಿ ಮಹಾರಾಷ್ಟ್ರಕ್ಕೆ ಎಂದಿದ್ದದ್ದು, ಅದು ಆಗದೇ ಉಳಿದದ್ದು ಎಲ್ಲ ಹಸಿಯಾಗಿಯೇ ಇತ್ತು. ಬಂದ್ ಇದ್ದ ದಿನಗಳಲ್ಲಿ ನಾವು ನಾಲ್ವರು ಒಂದು ಕಡೆ, ನಿಪ್ಪಾಣಿ ಒಂದು ಕಡೆ ಕೂತು ಮಾತಿಲ್ಲದೆ ಉಂಡದ್ದುಂಟು. ಒಮ್ಮೆ ಅವನು ಚಾಪೆ ಸುತ್ತಿಕೊಂಡು ಊರಿಗೆ ಹೊರಟೇಬಿಟ್ಟ. ಎರಡು ವಾರ ಬಿಟ್ಟು ಬಂದ. ಚೀಲದಲ್ಲಿ ಅವ್ವ ಕಳಿಸಿದ ಶೇಂಗಾ ಚಟ್ನಿ, ಅದರ ಕೆಳಗೆ ‘ನಿಸರ್ಗ’. “ಇನ್ನ ನಾಕ ಪಾನ ಉಳದಾವ, ಅದಕ ಬಂದ್ನಿ” ಅಂದ. ನಾವೂ ಅದನ್ನು ನಂಬಿದಂತೆ ಮಾಡಿದೆವು.

ಅವನು ಆಮೇಲೂ ಎರಡು ಸಲ ಒಯ್ದ. ಕೊನೆಯ ಸಲದ್ದು 1981ರ ಆರಂಭ. ಆ ವಸಂತದಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ ಜೋಶಿಯವರ ಮುಂದಾಳತನದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕೂತರು. ಏಪ್ರಿಲಿನಲ್ಲಿ ಗೋಳಿಬಾರಾಯಿತು, ರೈತರು ಸತ್ತರು. ನಮಗೆ ಅವನ ಸುದ್ದಿ ಹತ್ತಿದ್ದು ತಿಂಗಳ ಮೇಲೆ. ಪುಸ್ತಕವನ್ನು ಆ ವರ್ಷದ ಮಳೆಗಾಲದಲ್ಲಿ ತಾನೇ ನಮ್ಮೂರಿಗೆ ಬಂದು ಕಾಕಾನ ಕೈಗೆ ಕೊಟ್ಟು ಹೋದ. ಅರಿಸಿನದ ವಾಸನೆಯ ಮೇಲೆ ಈಗ ತಂಬಾಕಿನ ವಾಸನೆ. ಕಾಕಾ ಮೂಗಿಗೆ ಹಿಡಿದು, “ನಶ್ಯ ಏರಿಸಿದಂಗ ಆತು” ಅಂದು ಸೀನಿದ.

ಇಷ್ಟೆಲ್ಲ ಆಗುವಾಗ ಅಣ್ಣಾರಾಯರು ಎಲ್ಲಿದ್ದರು? ನಮ್ಮ ಊರಿನಿಂದ ಅವರ ಊರು ಎಷ್ಟು ಮಹಾ ದೂರ, ಸೈಕಲ್ಲಿಗೆ ಒಂದು ಗಾಳಿ ಹೊಡೆದರೆ ಮುಟ್ಟುವಷ್ಟು. 1973, 1974, ನಾವು ಐವರೂ ಅವರ ಪುಸ್ತಕದ ಮೇಲೆ ಹಗಲು ರಾತ್ರಿ ವಾದ ಮಾಡಿದ್ದೇವೆ. ಹೋಗಿ ಒಂದು ಸಲ ನಮಸ್ಕಾರ ಮಾಡೋಣ ಎಂದು ನಮಗೆ ಹೊಳೆಯಲೇ ಇಲ್ಲ. ಪುಸ್ತಕ ಬರೆದವರು ಎಂದರೆ ಧಾರವಾಡದಲ್ಲಿರುತ್ತಾರೆ, ಮೈಸೂರಿನಲ್ಲಿರುತ್ತಾರೆ; ಮುಂದಿನ ಸ್ಟೇಶನ್ನಿನಲ್ಲಿ ಇರುವವರನ್ನು ನೋಡಲು ಏನು ಹೋಗುವುದು! ಪ್ರಾದೇಶಿಕ ಎಂಬ ಪದದ ಮೇಲೆ ಸಿಟ್ಟಾಗುತ್ತಿದ್ದ ನಾನೇ ಅವರನ್ನು ಪ್ರದೇಶದವರೆಂದು ಬಿಟ್ಟಿದ್ದೆ. 1975ರಲ್ಲಿ ಅವರು ತೀರಿಕೊಂಡರು. ಸದಲಗಾದ ಉಪಾಧ್ಯೆಯವರು ಹೋದದ್ದೂ ಅದೇ ವರ್ಷ. ಕಾಕಾ ಕಾಂಟಾಕ್ಕೆ ಅರ್ಧ ದಿನ ರಜೆ ಹಾಕಿ ಮನೆಗೆ ಬಂದು, ಟ್ರಂಕಿನ ಮೇಲೆ ಕೂತಿದ್ದ. ಆಯಿ ಒಳಗಿನಿಂದ ‘ಜೈನ ಧರ್ಮ’ವನ್ನು ತಂದು ಅವನ ಪಕ್ಕದಲ್ಲಿಟ್ಟಳು. “ಇಬ್ಬರೂ ಒಬ್ಬಾಂವನ ಅಂದಿದ್ದೆಲ್ಲ” ಎಂದಳು.

ಕಾಕಾ ಹೋಗಿ ಇಪ್ಪತ್ತೈದು ವರ್ಷದ ಮೇಲಾಯಿತು. 2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಾಗ ನಾವು ಟ್ರ್ಯಾಕ್ಟರಿನಲ್ಲಿ ದನ, ಕಾಳು, ಹಾಸಿಗೆ ಹೇರಿಕೊಂಡು ಅಥಣಿಗೆ ಹೋದೆವು. ಟ್ರಂಕು ಮರೆತಿತ್ತು. ನೀರು ಇಳಿದ ಮೇಲೆ ಬಂದು ನೋಡಿದರೆ ಗೋಡೆಯ ಮೇಲೆ ಎದೆಮಟ್ಟದ ಕೆಸರುಗೆರೆ, ಟ್ರಂಕು ತೇಲಿ ಹೋಗಿ ದೇವರ ಕೋಣೆಯ ಬಾಗಿಲಿಗೆ ಅಡ್ಡ ಸಿಕ್ಕಿತ್ತು. ಪಾವತಿಗಳೆಲ್ಲ ಮುದ್ದೆ. ಪುಸ್ತಕವನ್ನು ಮೊಮ್ಮಗಳು ಹಾಳೆ ಹಾಳೆ ಬಿಡಿಸಿ ಅಂಗಳದ ಹಗ್ಗಕ್ಕೆ ಒಣಹಾಕಿದಳು, ಬಟ್ಟೆಯ ಹಾಗೆ. ಮುಖಪುಟ, ಪ್ರಕಾಶಕರ ಪುಟ ಎಂದೋ ಕಿತ್ತುಹೋಗಿದ್ದವು. ಅಚ್ಚಿನ ಅಕ್ಷರ ನಿಂತಿದೆ. ಕಾಕಾನ ಪೆನ್ಸಿಲು ನೀರು ಕುಡಿದು ಕೆಲವು ಅಂಚುಗಳಲ್ಲಿ ನೇರಳೆಯ ಮೋಡವಾಗಿದೆ. ‘ಖರೆ ಐತಿ’ ಓದಲು ಬರುತ್ತದೆ, ಇಸವಿ ಬರುವುದಿಲ್ಲ.

ಕೊನೆಯ ಪುಟದ ಯಾದಿಯಲ್ಲಿ ಹತ್ತೊಂಬತ್ತು ಹೆಸರಿವೆ. ಹದಿನೆಂಟರ ಮುಂದೆ ತಂದ ದಿನ ಬರೆದಿದೆ. ಹತ್ತೊಂಬತ್ತನೆಯದು ಚಿಕ್ಕೋಡಿಯ ವಕೀಲರದು. ಪುಸ್ತಕ ಯಾವಾಗಲೋ ಬಂದಿದೆ, ತಂದ ದಿನ ಬರೆಯುವುದನ್ನು ಅವರೇ ಬಿಟ್ಟಿದ್ದಾರೆ. ಬಂದು ಬರೆದು ಹೋಗಬೇಕು. ಇನ್ನು ಓದಬೇಕೆನ್ನುವವರು ಯಾರೇ ಇರಲಿ, ಕುಡಚಿಗೋ ಶೇಡಬಾಳಕ್ಕೋ ಗಾಡಿ ಇಳಿದು ಬನ್ನಿ. ಹೊತ್ತು ಮುಳುಗುವ ಮೊದಲು ಬಂದರೆ ಊಟವೂ ಇದೆ. ಪುಸ್ತಕ ಮಾತ್ರ ಇಲ್ಲೇ ಕೂತು ಓದಬೇಕು, ಒಯ್ಯಲು ಕೊಡುವುದಿಲ್ಲ.